ರಾಡು ಬಗ್ಗಿದಾಗ ಯಾರನ್ನ ಕರೀಬೇಕು?

ಬಿಇ ಮೆಕ್ಯಾನಿಕಲ್ ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿಕೊಂಡ ಸಾವಿರಾರು ಜನರಲ್ಲಿ ನಾನೂ ಒಬ್ಬ. ನಾಲ್ಕು ವರ್ಷ ಓದಿದ್ದರಲ್ಲಿ ಈಗ ಆಫೀಸಿನ ಕೆಲಸಕ್ಕೆ ಬರೋದು ಏನೂ ಇಲ್ಲ. ಒಂದು ಚಟ ಮಾತ್ರ ಉಳಿದುಕೊಂಡಿದೆ. ಯಾವ ಯಂತ್ರ ಕಂಡರೂ, ಇದು ಕೆಟ್ಟರೆ ಬಿಚ್ಚೋದು ಹೇಗೆ ಅಂತ ಯೋಚನೆ ಬರುತ್ತೆ. ಎಂಜಿನ್ನಿನ ಚರಿತ್ರೆಯನ್ನ ನಮ್ಮ ಪುಸ್ತಕಗಳು ಯಾವಾಗಲೂ ಅದನ್ನ ಕಂಡುಹಿಡಿದವರ ಕಡೆಯಿಂದ ಹೇಳುತ್ತವೆ. ವಾಟ್ ಬಂದ, ಬೆಂಜ್ ಬಂದ, ಫೋರ್ಡ್ ಬಂದ. ಅದೇ ಕಥೆಯನ್ನ ಬಿಚ್ಚುವವನ ಕಡೆಯಿಂದ ಹೇಳಿದರೆ ಹೇಗಿರುತ್ತೆ ಅಂತ ನನಗೆ ಬಹಳ ದಿನದಿಂದ ಕುತೂಹಲ. ಅದಕ್ಕೆ ಇಡೀ ಎಂಜಿನ್ ಬೇಡ, ಒಂದು ಭಾಗ ಸಾಕು: ಕನೆಕ್ಟಿಂಗ್ ರಾಡ್.

ಕನೆಕ್ಟಿಂಗ್ ರಾಡ್ ಅಂದರೆ ಏನು ಅಂತ ತಿಳಿಯೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ನೋಡಿದ್ದೀರಲ್ಲ? ಟೈಲರ್ ಹಲಗೆ ತುಳಿಯುತ್ತಾನೆ, ಅದು ಮೇಲೆ ಕೆಳಗೆ ಆಡುತ್ತೆ. ಪಕ್ಕದಲ್ಲೊಂದು ದೊಡ್ಡ ಚಕ್ರ ಗುಂಡಗೆ ತಿರುಗುತ್ತೆ. ಹಲಗೆಗೂ ಚಕ್ರಕ್ಕೂ ನಡುವೆ ಒಂದು ಉದ್ದನೆಯ ಕಡ್ಡಿ ಇರುತ್ತಲ್ಲ, ಅದೇ. ಕಾರಿನಲ್ಲಿ ಹಲಗೆಯ ಜಾಗದಲ್ಲಿ ಪಿಸ್ಟನ್, ಚಕ್ರದ ಜಾಗದಲ್ಲಿ ಕ್ರ್ಯಾಂಕ್‌ಶಾಫ್ಟ್. ಎಂಜಿನ್ 3000 ಆರ್‌ಪಿಎಂನಲ್ಲಿ ಓಡ್ತಿದೆ ಅಂದರೆ ಸೆಕೆಂಡಿಗೆ 50 ಸಲ ಈ ರಾಡು ಮೇಲೆ ಹೋಗಿ ಕೆಳಗೆ ಬರುತ್ತೆ. ಪ್ರತಿ ಸುತ್ತಿನಲ್ಲೂ ಅದನ್ನ ಒತ್ತುತ್ತಾರೆ, ಎಳೀತಾರೆ. ಕಾರಿನೊಳಗೆ ಇಷ್ಟು ಏಟು ತಿನ್ನೋ ಭಾಗಗಳು ಕಡಿಮೆ.

ಈ ಕಡ್ಡಿಯ ವಯಸ್ಸು ಕಾರಿಗಿಂತ ತುಂಬಾ ಹೆಚ್ಚು. ಇವತ್ತಿನ ಟರ್ಕಿಯ ಪಾಮುಕ್ಕಲೆ ಹತ್ತಿರ ಹಿಯರಾಪೊಲಿಸ್ ಅನ್ನೋ ಹಳೇ ರೋಮನ್ ಊರಿದೆ. ಅಲ್ಲಿ ಸಿಕ್ಕ ಕ್ರಿಸ್ತಶಕ 3ನೇ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆಯ ಮುಚ್ಚಳದ ಮೇಲೆ ನೀರಿನಿಂದ ಓಡುವ ಗರಗಸದ ಚಿತ್ರ ಕೆತ್ತಿದ್ದಾರೆ. ನೀರಿನ ಚಕ್ರ ತಿರುಗುತ್ತೆ, ರಾಡುಗಳು ಎರಡು ಗರಗಸಗಳನ್ನ ಹಿಂದೆ ಮುಂದೆ ಎಳೆದಾಡುತ್ತವೆ, ಗರಗಸಗಳು ಕಲ್ಲು ಕೊಯ್ಯುತ್ತವೆ. ಕ್ರ್ಯಾಂಕೂ ಕನೆಕ್ಟಿಂಗ್ ರಾಡೂ ಜೊತೆಗೆ ಕೆಲಸ ಮಾಡುವ, ನಮಗೆ ಗೊತ್ತಿರುವ ಅತಿ ಹಳೆಯ ಯಂತ್ರ ಇದು. ಪೆಟ್ಟಿಗೆ ಮಾರ್ಕಸ್ ಔರೇಲಿಯಸ್ ಅಮ್ಮಿಯಾನೋಸ್ ಎಂಬ ಗಿರಣಿಯವನದು. ಸತ್ತ ಮೇಲೂ ತನ್ನ ಹೆಸರಿನ ಜೊತೆ ಯಂತ್ರದ ಚಿತ್ರ ಇರಲಿ ಅಂದುಕೊಂಡ ಮನುಷ್ಯ.

ಇಲ್ಲಿಂದ ಒಂದೇ ಜಿಗಿತಕ್ಕೆ 1780ರ ಇಂಗ್ಲೆಂಡಿಗೆ ಬರೋಣ. ಯಾಕಂದರೆ ಈ ಕಡ್ಡಿಯ ಸುತ್ತ 'ಇದು ಯಾರ ಸ್ವತ್ತು' ಅನ್ನೋ ಪ್ರಸಿದ್ಧ ಜಗಳ ನಡೆದಿದ್ದು ಅಲ್ಲಿ. ಆವರೆಗೆ ಉಗಿ ಎಂಜಿನ್ನುಗಳ ಮುಖ್ಯ ಕೆಲಸ ಗಣಿಯಿಂದ ನೀರೆತ್ತೋದು. ಮೇಲೆ ಕೆಳಗೆ ಆಡಿದರೆ ಸಾಕಿತ್ತು. ಗಿರಣಿ ಓಡಿಸಬೇಕು ಅಂದರೆ ಚಕ್ರ ತಿರುಗಬೇಕು, ಚಕ್ರ ತಿರುಗಬೇಕು ಅಂದರೆ ಕ್ರ್ಯಾಂಕ್ ಬೇಕು. ಅಷ್ಟರಲ್ಲಿ ಜೇಮ್ಸ್ ಪಿಕಾರ್ಡ್ ಅನ್ನೋನು ಉಗಿ ಎಂಜಿನ್ನಿಗೆ ಕ್ರ್ಯಾಂಕ್ ಬಳಸುವುದರ ಮೇಲೆ ಪೇಟೆಂಟ್ ತಗೊಂಡುಬಿಟ್ಟ. ತನ್ನ ಕಾರ್ಖಾನೆಯಿಂದಲೇ ಈ ಐಡಿಯಾ ಸೋರಿ ಹೋಯ್ತು ಅನ್ನೋದು ಜೇಮ್ಸ್ ವಾಟನ ಆರೋಪ. ಪಿಕಾರ್ಡನಿಗೆ ಕೈಯೊಡ್ಡೋಕೆ ವಾಟ್ ಒಪ್ಪಲಿಲ್ಲ. 1781ರಲ್ಲಿ ಕ್ರ್ಯಾಂಕ್ ಇಲ್ಲದೇ ಚಕ್ರ ತಿರುಗಿಸೋ ಬೇರೆ ದಾರಿಗಳಿಗೆ ಪೇಟೆಂಟ್ ತಗೊಂಡ. ಅದರಲ್ಲಿ ಒಂದು ಹಲ್ಲಿನ ಚಕ್ರ ಇನ್ನೊಂದರ ಸುತ್ತ ಸುತ್ತುವ ವ್ಯವಸ್ಥೆ ಪ್ರಸಿದ್ಧ. ಅದಕ್ಕೆ ಸೂರ್ಯ-ಗ್ರಹ ಗೇರ್ ಅಂತ ಹೆಸರು. 1794ರಲ್ಲಿ ಪಿಕಾರ್ಡನ ಪೇಟೆಂಟ್ ಅವಧಿ ಮುಗಿಯಿತು, ಸರಳವಾದ ಕ್ರ್ಯಾಂಕಿಗೆ ಅಡ್ಡಿ ಇಲ್ಲದಾಯ್ತು. ಅಂದರೆ 14 ವರ್ಷ ಜಗತ್ತಿನ ಒಬ್ಬ ಮಹಾ ಇಂಜಿನಿಯರ್ ಸುತ್ತುದಾರಿ ಹಿಡಿದಿದ್ದು ಲೋಹ ಒಪ್ಪಲಿಲ್ಲ ಅಂತಲ್ಲ, ಕಾಗದ ಒಪ್ಪಲಿಲ್ಲ ಅಂತ. ಈ ವ್ಯತ್ಯಾಸವನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕಾರಿಗೆ ಬರೋಣ. 1908ರಿಂದ 1927ರವರೆಗೆ ಫೋರ್ಡ್ ಕಂಪನಿ ಮಾಡೆಲ್ ಟಿ ಎಂಬ ಕಾರನ್ನ ಒಂದೂವರೆ ಕೋಟಿಯಷ್ಟು ತಯಾರಿಸಿತು. ನಾಲ್ಕು ಸಿಲಿಂಡರ್, 2.9 ಲೀಟರ್ ಎಂಜಿನ್, ಶಕ್ತಿ ಮಾತ್ರ 20 ಹಾರ್ಸ್ ಪವರ್. ಅದರಲ್ಲಿ ಆಯಿಲ್ ಪಂಪೇ ಇರಲಿಲ್ಲ. ತಿರುಗೋ ಭಾಗಗಳು ತಳದಲ್ಲಿರೋ ಎಣ್ಣೆಯನ್ನ ಎರಚಾಡಿಕೊಂಡು ತಮಗೆ ತಾವೇ ಹಚ್ಚಿಕೊಳ್ಳಬೇಕು. ಉದ್ದನೆಯ ಏರು ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಹರಿದು, ಮುಂದಿನ ಒಂದನೇ ನಂಬರ್ ರಾಡು ಒಣಗಿ ಸುಡುವುದು ಆ ಕಾರಿನ ಹೆಸರುವಾಸಿ ಕಾಯಿಲೆ.

ರಾಡಿನ ದೊಡ್ಡ ತುದಿ ಕ್ರ್ಯಾಂಕನ್ನ ಅಪ್ಪಿಕೊಳ್ಳುವ ಜಾಗದಲ್ಲಿ ಒಂದು ಮೆತ್ತನೆಯ ಲೋಹದ ಪದರ ಇರುತ್ತೆ. ತವರ, ಆಂಟಿಮನಿ, ತಾಮ್ರ ಸೇರಿಸಿ ಮಾಡಿದ್ದು. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಕಂಡುಹಿಡಿದಿದ್ದರಿಂದ ಅದಕ್ಕೆ ಬ್ಯಾಬಿಟ್ ಅಂತ ಹೆಸರು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ವೈಟ್ ಮೆಟಲ್. ಎಣ್ಣೆ ತಪ್ಪಿದಾಗ ಮೊದಲು ಈ ಮೆತ್ತನೆಯ ಪದರ ಸವೆಯಲಿ, ದುಬಾರಿ ಕ್ರ್ಯಾಂಕ್ ಉಳಿಯಲಿ ಅನ್ನೋ ಲೆಕ್ಕಾಚಾರ. ಪದರ ಸವೆದರೆ ನಡುವೆ ಸಂದಿ ಬೀಳುತ್ತೆ. ಸಂದಿ ಬಿದ್ದರೆ ರಾಡು ಕ್ರ್ಯಾಂಕಿಗೆ ಕುಟ್ಟೋಕೆ ಶುರು ಮಾಡುತ್ತೆ: ಟಕ್ ಟಕ್ ಟಕ್. ಆ ಸದ್ದು ಕೇಳಿದ ಮೇಲೂ ಓಡಿಸಿದರೆ ಒಂದು ದಿನ ರಾಡು ಮುರಿದು ಎಂಜಿನ್ನಿನ ಗೋಡೆ ಒಡೆದುಕೊಂಡು ಆಚೆ ಬರುತ್ತೆ.

ಮಾಡೆಲ್ ಟಿ ಮಾಡಿದವರು ಇದು ಸವೆಯುತ್ತೆ ಅಂತ ಒಪ್ಪಿಕೊಂಡೇ ಕಾರು ಮಾಡಿದ್ದರು. ಎಂಜಿನ್ ತಳದಲ್ಲಿ ಬಿಚ್ಚಬಹುದಾದ ಒಂದು ಮುಚ್ಚಳ. ಅದನ್ನ ತೆಗೆದರೆ ರಾಡಿನ ಕೆಳಗಿನ ಅರ್ಧ, ಅಂದರೆ ಕ್ಯಾಪ್, ಕೈಗೆ ಸಿಗುತ್ತೆ.  ಬೇರಿಂಗ್ ಸವೆದಾಗ ಆ ಕ್ಯಾಪಿನ ಅಂಚನ್ನ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಮತ್ತೆ ಬಿಗಿ ಮಾಡಿದರೆ ಸಂದಿ ಕಡಿಮೆಯಾಗುತ್ತೆ. ಕಾರಿನ ಕೆಳಗೆ ಅಂಗಾತ ಮಲಗೋಕೆ ಜಾಗ, ಎರಡು ಸ್ಪ್ಯಾನರ್, ಒಂದು ಅರ, ಒಂದಿಷ್ಟು ತಾಳ್ಮೆ ಇದ್ದರೆ ರೈತನೇ ಈ ಕೆಲಸ ಮಾಡಿಕೊಳ್ಳುತ್ತಿದ್ದ.

ಇದರ ಬೆಲೆ ಏನು ಅಂತ ಗೊತ್ತಾಗಿದ್ದು 1930ರ ದಶಕದಲ್ಲಿ. ಅಮೆರಿಕದ ಬಯಲುಸೀಮೆಯಲ್ಲಿ ಬರ, ಧೂಳಿನ ಬಿರುಗಾಳಿ, ಬ್ಯಾಂಕ್ ಸಾಲ ಎಲ್ಲ ಸೇರಿ ಲಕ್ಷಾಂತರ ಜನ ಹೊಲಮನೆ ಬಿಟ್ಟರು. ಎಷ್ಟೋ ಕುಟುಂಬಗಳು ಹಳೇ ಕಾರಿನ ಮೇಲೆ ಹಾಸಿಗೆ, ಪಾತ್ರೆ, ಅಜ್ಜ ಅಜ್ಜಿ ಎಲ್ಲರನ್ನೂ ಹೇರಿಕೊಂಡು 66ನೇ ನಂಬರ್ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಹೊರಟವು. ಅವರ ಬಗ್ಗೆ ಜಾನ್ ಸ್ಟೈನ್‌ಬೆಕ್ 1939ರಲ್ಲಿ ಬರೆದ ಕಾದಂಬರಿ 'ದಿ ಗ್ರೇಪ್ಸ್ ಆಫ್ ರಾತ್'. ಅದರಲ್ಲಿ ಒಂದು ಇಡೀ ಅಧ್ಯಾಯ ನಡೆಯೋದೇ ಒಂದು ಕೆಟ್ಟ ಕನೆಕ್ಟಿಂಗ್ ರಾಡಿನ ಸುತ್ತ. ಜೋಡ್ ಕುಟುಂಬದ ಜೊತೆ ಹೊರಟ ಇನ್ನೊಂದು ಕುಟುಂಬದ ಹಳೇ ಡಾಡ್ಜ್ ಕಾರಿನ ರಾಡ್ ಬೇರಿಂಗ್ ಹೋಗುತ್ತೆ. ಅಣ್ಣ ಟಾಮ್, ನೀವೆಲ್ಲ ಲಾರಿಯಲ್ಲಿ ಮುಂದೆ ಹೋಗಿ, ನಾವು ರಿಪೇರಿ ಮಾಡಿಕೊಂಡು ಆಮೇಲೆ ಬರ್ತೀವಿ ಅಂತಾನೆ. ಅಮ್ಮ ಒಪ್ಪಲ್ಲ. ಒಡೆದು ಹೋಗದೇ ಉಳಿದಿರೋದು ಈ ಕುಟುಂಬ ಒಂದೇ ಅಂತ ಆಕೆಗೆ ಗೊತ್ತು. ಜಾಕ್ ಹ್ಯಾಂಡಲ್ ಕೈಗೆ ತಗೊಂಡು ಎದುರು ನಿಂತುಬಿಡ್ತಾಳೆ. ಕೊನೆಗೆ ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಹಳೇ ರಾಡು ಸಿಗುತ್ತೆ. ಅಣ್ಣತಮ್ಮಂದಿರು ರಸ್ತೆ ಬದಿಯಲ್ಲೇ ಹಾಕಿ, ಅದೇ ರಾತ್ರಿ ಮನೆಯವರನ್ನ ಸೇರಿಕೊಳ್ಳುತ್ತಾರೆ.

ಕಾದಂಬರಿ ಓದುವಾಗ ನಾನು ಬಹಳ ಹೊತ್ತು ನಿಂತಿದ್ದು ಇಲ್ಲೇ. ಆ ರಾತ್ರಿ ಆ ರಿಪೇರಿ ಸಾಧ್ಯವಾಗೋಕೆ ಮೂರು ಬಾಗಿಲು ತೆರೆದಿರಬೇಕಿತ್ತು. ಮೊದಲನೆಯದು ಲೋಹದ ಬಾಗಿಲು: ಎಂಜಿನ್ನನ್ನ ಬಿಚ್ಚೋಕೆ ಬರಬೇಕು. ಎರಡನೆಯದು ಅಂಗಡಿ ಬಾಗಿಲು: ಆ ಒಂದು ಭಾಗ ಬಿಡಿಯಾಗಿ, ಬಡವನ ಕೈಗೆಟುಕೋ ಬೆಲೆಗೆ ಸಿಗಬೇಕು. ಮೂರನೆಯದು ತಿಳಿವಳಿಕೆಯ ಬಾಗಿಲು: ಬಿಚ್ಚಿದ್ದನ್ನ ಜೋಡಿಸೋದು ಹೇಗೆ ಅಂತ ಮಾಮೂಲಿ ಮನುಷ್ಯನಿಗೆ ಗೊತ್ತಿರಬೇಕು. ಮೂರರಲ್ಲಿ ಒಂದು ಮುಚ್ಚಿದ್ದರೂ ಕುಟುಂಬ ಎರಡಾಗುತ್ತಿತ್ತು.

ನಮ್ಮೂರಲ್ಲೂ ಈ ಮೂರು ಬಾಗಿಲು ತೆರೆದಿದ್ದವು. ಮಂಡ್ಯ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಗಾಣ ತಿರುಗಿಸೋಕೆ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ ಇರುತ್ತಿತ್ತು. 90ರ ದಶಕದಲ್ಲಿ ನಾನು ಚಡ್ಡಿ ಹಾಕ್ಕೊಂಡು ಅದರ ಪಕ್ಕ ಕೂತು ಬಿಸಿ ಬೆಲ್ಲ ತಿಂದವನು. ಎಂಜಿನ್ ಕುಟ್ಟೋಕೆ ಶುರು ಮಾಡಿತು ಅಂದರೆ ಎಲ್ಲರ ಮುಖ ಸಪ್ಪಗಾಗೋದು. ಕಡಿದ ಕಬ್ಬು ಕಾಯಲ್ಲ, ದಿನ ಕಳೆದಂತೆ ಒಣಗಿ ತೂಕ ಕಳ್ಕೊಳ್ಳುತ್ತೆ. ತಾಲ್ಲೂಕಿನಿಂದ ಮೇಸ್ತ್ರಿ ಬಂದು, ಎಂಜಿನ್ ಪಕ್ಕದಲ್ಲಿದ್ದ ಪುಟ್ಟ ಕಬ್ಬಿಣದ ಬಾಗಿಲು ಬಿಚ್ಚಿ, ಕೈ ಒಳಗೆ ಹಾಕಿ ರಾಡನ್ನ ಮೇಲೆ ಕೆಳಗೆ ಅಲುಗಾಡಿಸಿ ನೋಡೋರು.

"ಏನ್ ಮೇಸ್ತ್ರಿ, ನಾಳೀಕ್ ಗಾಣ ತಿರುಗ್ತದಾ?" ಅಂತ ಅಪ್ಪ ಕೇಳೋರು.

"ತಿರುಗ್ತದೆ ಬುಡಿ ಗೌಡ್ರೇ, ಬೇರಿಂಗ್ ತರುಸ್ಬುಡಿ ಸಾಕು."

ಹೊತ್ತಿಗೆ ಮುಂಚೆ ಯಾರಾದರೂ ಬಸ್ಸು ಹತ್ತಿ ಹೋಗಿ ಬೇರಿಂಗ್ ತರುತ್ತಿದ್ದರು. ಅಷ್ಟು ಹೊತ್ತಿಗೆ ಚರಿತ್ರೆ ಒಂದು ಹೆಜ್ಜೆ ಮುಂದೆ ಬಂದಿತ್ತು, ಅದೂ ಒಳ್ಳೇ ದಿಕ್ಕಿನಲ್ಲಿ. 1930ರ ದಶಕದಿಂದ ರಾಡಿನೊಳಗೇ ಲೋಹ ಕರಗಿಸಿ ಹುಯ್ಯೋ ಪದ್ಧತಿ ಮೆಲ್ಲಗೆ ಮರೆಯಾಗಿ, ಅರ್ಧಚಂದ್ರಾಕಾರದ ತೆಳ್ಳನೆಯ ಶೆಲ್ ಬೇರಿಂಗ್‌ಗಳು ಬಂದವು. ಹಿಂಭಾಗ ಉಕ್ಕು, ಒಳಗೆ ಮೆತ್ತನೆಯ ಲೋಹ. ಸವೆದರೆ ತೆಗೆದು ಹೊಸದು ಕೂರಿಸೋದು, ಅಷ್ಟೇ. ಕ್ರ್ಯಾಂಕ್ ಸವೆದಿದ್ದರೆ ಅದನ್ನ ಗ್ರೈಂಡಿಂಗ್ ಮಾಡಿಸಿ ಒಂದು ಸೈಜ್ ದಪ್ಪದ ಶೆಲ್ ಹಾಕೋದು. ಅಂಗಡಿಯವರು ಇವತ್ತಿಗೂ 'ಸ್ಟ್ಯಾಂಡರ್ಡಾ, 10ಆ, 20ಆ?' ಅಂತ ಕೇಳ್ತಾರೆ. 10 ಅಂದರೆ 10 ಥೌ, ಇಂಚಿನ ಸಾವಿರ ಭಾಗದಲ್ಲಿ ಹತ್ತು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ನಮ್ಮ ದೇಶದ ಮೂಲೆ ಮೂಲೆಯಲ್ಲೂ ಓಡಿದ್ದು ಇಂಥ ಲೇತ್ ಅಂಗಡಿ, ಇಂಥ ಮೇಸ್ತ್ರಿಗಳ ಬಲದಿಂದ.

ಮುಂದಿನ ಹೆಜ್ಜೆ 1990ರ ದಶಕದ್ದು. ಹಳೇ ಕಾಲದಲ್ಲಿ ರಾಡನ್ನೂ ಕ್ಯಾಪನ್ನೂ ಬೇರೆ ಮಾಡಿ, ಸೇರೋ ಜಾಗವನ್ನ ಮೆಷಿನ್ ಮಾಡಿ ನುಣುಪಾಗಿಸಿ ಬೋಲ್ಟ್ ಹಾಕುತ್ತಿದ್ದರು. ಹೊಸ ವಿಧಾನದಲ್ಲಿ ರಾಡನ್ನ ಒಂದೇ ತುಂಡಾಗಿ ಮಾಡಿ, ಲೇಸರಿನಲ್ಲೋ ಇನ್ನೊಂದರಲ್ಲೋ ಗೀರು ಹಾಕಿ, ದೊಡ್ಡ ತುದಿಯನ್ನ ಬೇಕಂತಲೇ ಒಡೀತಾರೆ. ಗರಿಗರಿ ಬಿಸ್ಕೆಟ್ ಮುರಿದರೆ ಎರಡು ತುಂಡೂ ಮತ್ತೆ ಸರಿಯಾಗಿ ಕೂರುತ್ತಲ್ಲ, ಹಾಗೆ ಆ ಒರಟು ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕ್ಯಾಪ್ ಕೂದಲೆಳೆಯಷ್ಟೂ ಸರಿಯಲ್ಲ. ಮಾಡೋದೂ ಅಗ್ಗ. ಆದರೆ ಆ ಕ್ಯಾಪ್ ಆ ರಾಡಿಗೆ ಮಾತ್ರ. ಹಳೇ ರಾಡಿನ ಥರ ಅಂಚು ಉಜ್ಜಿ, ಮತ್ತೆ ಬೋರ್ ಮಾಡಿ ಸರಿಪಡಿಸೋಕೆ ಬರಲ್ಲ. ಎಷ್ಟೋ ಎಂಜಿನ್ನುಗಳಲ್ಲಿ ಅದರ ಬೋಲ್ಟುಗಳೂ ಬಿಗಿ ಮಾಡುವಾಗ ಲೆಕ್ಕ ಹಾಕಿ ಹಿಗ್ಗಿಸುವಂಥವು. ಒಂದು ಸಲ ಬಿಚ್ಚಿದರೆ ಹೊಸದೇ ಹಾಕಬೇಕು.

ಇದನ್ನ ಬೈಯೋಕೆ ನಾನು ಬಂದಿಲ್ಲ. ಮಾಡೆಲ್ ಟಿ ಬೇರಿಂಗನ್ನ ಪದೇ ಪದೇ ಬಿಗಿ ಮಾಡುತ್ತಿರಬೇಕಿತ್ತು. ಇವತ್ತಿನ ಕಾರು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದರೆ ಎರಡು ಲಕ್ಷ ಕಿಲೋಮೀಟರ್ ದಾಟಿದರೂ ಎಂಜಿನ್ ಬಿಚ್ಚೋ ಪ್ರಸಂಗ ಬರದೇ ಇರಬಹುದು. ಇದು ಲೋಹದ ಬಾಗಿಲು ಅರ್ಧ ಮುಚ್ಚಿದ್ದಕ್ಕೆ ನಮಗೆ ಸಿಕ್ಕ ಪ್ರತಿಫಲ. ನನ್ನ ಮಟ್ಟಿಗೆ ಇದು ನ್ಯಾಯವಾದ ವ್ಯಾಪಾರ. ಪ್ರಶ್ನೆ ಇರೋದು ಉಳಿದೆರಡು ಬಾಗಿಲುಗಳದ್ದು.

2022ರ ಸೆಪ್ಟೆಂಬರ್ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತೆ. ಔಟರ್ ರಿಂಗ್ ರೋಡ್, ಬೆಳ್ಳಂದೂರು ಎಲ್ಲ ಮುಳುಗಿ, ಐಟಿಯವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ವಾರ. ನಮ್ಮ ಟೀಮಿನ ಗೆಳೆಯನೊಬ್ಬ ನೀರಿಳಿದ ಮಾರನೇ ದಿನ ಬೇಸ್‌ಮೆಂಟಿನಲ್ಲಿದ್ದ ಕಾರಿನ ಸ್ಟಾರ್ಟ್ ಬಟನ್ ಒತ್ತಿದ. ಡಬ್ ಅಂತ ಒಂದು ಸದ್ದು, ಅಷ್ಟೇ. 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಲೆಕ್ಕ ಹಾಕಿ: ಒಂದೊಂದು ಸಿಲಿಂಡರ್ 300 ಸಿಸಿ. ಕಂಪ್ರೆಷನ್ ಹತ್ತಕ್ಕೆ ಒಂದು ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 33 ಸಿಸಿ. ಎರಡು ದೊಡ್ಡ ಚಮಚ ನೀರು ಸಾಕು ಅದು ತುಂಬೋಕೆ. ಗಾಳಿ ಕುಗ್ಗುತ್ತೆ, ನೀರು ಕುಗ್ಗಲ್ಲ. ಆಗ ಬಗ್ಗೋದು ಕನೆಕ್ಟಿಂಗ್ ರಾಡು.

ಸರ್ವಿಸ್ ಸೆಂಟರಿನವರು ಕೊಟ್ಟ ಎಸ್ಟಿಮೇಟ್ ಕಾರಿನ ಬೆಲೆಯ ಅರ್ಧ ಹತ್ತಿರ ಇತ್ತು. ಪೂರ್ತಿ ಎಂಜಿನ್ ಅಸೆಂಬ್ಲಿ ಬದಲಾಯಿಸಬೇಕಂತೆ. ಅವನ ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇರಲಿಲ್ಲ. "ನೀನು ಮೆಕ್ಯಾನಿಕಲ್ ಅಲ್ವಾ ಮಗಾ, ಏನಾದ್ರೂ ಹೇಳು" ಅಂದ. ಇಬ್ಬರೂ ಕಲಾಸಿಪಾಳ್ಯದ ಕಡೆಯ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆವು. ಅವರು ಹೆಡ್ ಇಳಿಸಿ, ಒಂದೊಂದೇ ಪಿಸ್ಟನ್ ಪೂರ್ತಿ ಮೇಲೆ ತಂದು, ಡಯಲ್ ಗೇಜ್ ಇಟ್ಟು ಎತ್ತರ ಅಳೆದರು. ಬಗ್ಗಿದ ರಾಡು ಗಿಡ್ಡವಾಗಿರುತ್ತೆ, ಅದರ ಪಿಸ್ಟನ್ ಉಳಿದವುಗಳಷ್ಟು ಮೇಲೆ ಬರಲ್ಲ. ಮೂರು ಸಮ ಇದ್ದವು, ಎರಡನೇ ನಂಬರ್ ಮಾತ್ರ ಕೆಳಗಿತ್ತು. "ಸರ್, ಇಷ್ಟೇ ಹೋಗಿರೋದು. ಮಿಕ್ಕಿದ್ದು ಚೆನ್ನಾಗೈತೆ" ಅಂದರು.

ಕೆಲಸದಲ್ಲಿ ಕಷ್ಟ ಇರಲಿಲ್ಲ, ಇದ್ದದ್ದು ಆ ಒಂದು ರಾಡು ಹುಡುಕೋದರಲ್ಲಿ. ಕಂಪನಿ ಕೌಂಟರಿನಲ್ಲಿ ಬಿಡಿಯಾಗಿ ಕೊಡಲ್ಲ ಅಂದರು. ಬೋಲ್ಟ್ ಎಷ್ಟು ಟಾರ್ಕಿಗೆ, ಆಮೇಲೆ ಎಷ್ಟು ಡಿಗ್ರಿ ತಿರುಗಿಸಬೇಕು ಅನ್ನೋ ಲೆಕ್ಕ ಮೆಕ್ಯಾನಿಕ್ ತಮಗೆ ಗೊತ್ತಿದ್ದ ಯಾರಿಗೋ ಫೋನ್ ಮಾಡಿ ತಿಳಿದುಕೊಂಡರು. ಕೊನೆಗೆ ಅದೇ ಮಾಡೆಲ್ಲಿನ, ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದ ಕಾರಿನ ಎಂಜಿನ್ನಿನಿಂದ ರಾಡು ಸಿಕ್ಕಿತು, ಅದರದೇ ಕ್ಯಾಪ್ ಸಮೇತ. ತೂಕ ಉಳಿದ ಮೂರಕ್ಕೆ ಹೊಂದುತ್ತಾ ಅಂತ ನೋಡಿ, ಹೊಸ ಬೋಲ್ಟು, ಹೊಸ ಶೆಲ್, ರಿಂಗು, ಹೆಡ್ ಗ್ಯಾಸ್ಕೆಟ್ ಹಾಕಿದರು. ಶೆಲ್ಲಿಗೂ ಕ್ರ್ಯಾಂಕಿಗೂ ನಡುವೆ ಮೇಣದ ದಾರ ಇಟ್ಟು ಬಿಗಿ ಮಾಡಿ, ಬಿಚ್ಚಿ, ಅದು ಎಷ್ಟು ಚಪ್ಪಟೆಯಾಗಿದೆ ಅಂತ ಅಳೆದು ಸಂದಿಯ ಲೆಕ್ಕ ಹಿಡಿದರು. ಸ್ಟೈನ್‌ಬೆಕ್‌ನ ಪಾತ್ರಗಳು ಗುಜರಿಗೆ ಹೋಗಿದ್ದು 1930ರ ದಶಕದಲ್ಲಿ. ನಾವು ಹೋಗಿದ್ದು 2022ರಲ್ಲಿ.

ಇದು ನಮ್ಮಿಬ್ಬರ ಗೋಳು ಮಾತ್ರ ಅಲ್ಲ ಅನ್ನೋದಕ್ಕೆ ಸರ್ಕಾರಿ ದಾಖಲೆಯೇ ಇದೆ. 2011ರಲ್ಲಿ ಗ್ರಾಹಕರೊಬ್ಬರು ಕೊಟ್ಟ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ ವಿಚಾರಣೆ ನಡೆಸಿ, 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದರು ಅನ್ನೋದು ಆಯೋಗದ ತೀರ್ಮಾನ. ದಂಡದ ವಿಚಾರ ಆಮೇಲೆ ಮೇಲ್ಮನವಿಗಳಿಗೆ ಹೋಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ಕೂಡ ಬಂತು. ಕೃಷಿ ಉಪಕರಣ, ಮೊಬೈಲ್, ಮನೆಬಳಕೆ ವಸ್ತು, ವಾಹನ, ಈ ನಾಲ್ಕು ವಿಭಾಗಗಳು ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ ಬಂದಿದೆ ಅಂದ ಮಾತ್ರಕ್ಕೆ ಕೌಂಟರಿನಲ್ಲಿ ರಾಡು ಸಿಗುತ್ತೆ ಅಂತಲ್ಲ. ಆದರೂ ಕೇಳೋಕೆ ಒಂದು ಆಧಾರ ಅಂತೂ ಆಯ್ತು.

ನನ್ನ ವಾದ ಇಷ್ಟೇ. ಎಂಜಿನ್ನಿನ ಚರಿತ್ರೆಯಲ್ಲಿ ಕೆಲವು ಬಾಗಿಲುಗಳನ್ನ ಇಂಜಿನಿಯರಿಂಗ್ ಮುಚ್ಚಿದೆ, ಕೆಲವನ್ನ ವ್ಯಾಪಾರ ಮುಚ್ಚಿದೆ. ರಾಡನ್ನ ಒಡೆದು ಕೂಡಿಸೋದು, ಹಿಗ್ಗುವ ಬೋಲ್ಟು ಹಾಕೋದು, ಇವಕ್ಕೆ ಲೋಹಶಾಸ್ತ್ರದ ಕಾರಣ ಇದೆ, ಒಪ್ಪೋಣ. ರಾಡು ಬಿಡಿಯಾಗಿ ಮಾರದೇ ಇರೋಕೆ, ಟಾರ್ಕಿನ ಲೆಕ್ಕ ಬಚ್ಚಿಡೋಕೆ ಅಂಥ ಕಾರಣ ಯಾವುದೂ ಇಲ್ಲ. ಅದು ಪಿಕಾರ್ಡನ ಪೇಟೆಂಟಿನ ಥರ, ಕಾಗದದ ಅಡ್ಡಿ. ಈ ಎರಡನ್ನೂ ಒಂದೇ ಅನ್ನೋ ಹಾಗೆ 'ಈಗಿನ ಕಾರುಗಳನ್ನ ಹೊರಗೆ ರಿಪೇರಿ ಮಾಡೋಕಾಗಲ್ಲ ಸರ್' ಅಂತ ಯಾರಾದರೂ ಹೇಳಿದಾಗ ನಾವು ತಲೆ ಆಡಿಸಿಬಿಡ್ತೀವಿ.

ಹಾಗಾಗಿ ಮುಂದಿನ ಸಲ ಎಂಜಿನ್ ಬದಲಾಯಿಸಬೇಕು ಅಂತ ಎಸ್ಟಿಮೇಟ್ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಭಾಗ ಹೋಗಿದೆ? ಅಳತೆ ತೋರಿಸ್ತೀರಾ? ಅದೊಂದೇ ಭಾಗ ಯಾಕೆ ಸಿಗಲ್ಲ? ಉತ್ತರ ಬರಹದಲ್ಲಿ ಕೊಡಿ ಅನ್ನಿ, ತೆಗೆದ ಹಳೇ ಸಾಮಾನನ್ನೂ ವಾಪಸ್ ಕೇಳಿ. ಮತ್ತೆ, ನೀರಲ್ಲಿ ನಿಂತಿದ್ದ ಕಾರನ್ನ ಮಾತ್ರ ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ವೈರ್ ಬಿಚ್ಚಿ, ಟೋ ಮಾಡಿಸಿ. ಎರಡು ಚಮಚ ನೀರು, ಒಂದು ಬಟನ್, ಅಷ್ಟೇ ಸಾಕು.